ಮಿರ್ಚಿ ತಿಂದ ಭಜನಾ ಮಂಡಳಿ

ದಾವಣಗೆರೆ, ೧೦-೬-೮೪

ಅಕ್ಕಾ,

ಭಜನಾ ಸ್ಪರ್ಧೆಗೆ ಆದ ಒಟ್ಟು ಖರ್ಚು ಏಳು ಗಂಟಲು. ಬಹುಮಾನ ಹೊಸ ಹಾರ್ಮೋನಿಯಂ. ನಮ್ಮದನ್ನ ಇಲಿ ಕಡಿದದ್ದು ನಿನಗೆ ಗೊತ್ತಲ್ಲ. ಹಾಡೋಕೆ ಮುಂಚೆ ನಮ್ಮ ಎದುರು ಸ್ಪರ್ಧೆಗೆ ನಿಂತಿದ್ದ ಇಲ್ಲಿನ ಮಂಡಳಿಯವರು, "ತಗೊಳ್ರಿ, ಬೀಗರು ಬ್ಯಾಡ ಅನ್ನಬಾರ್ದು" ಅಂತ ಮಂಡಕ್ಕಿ ಜೊತೆ ಖಾರದ ಮಿರ್ಚಿ ಬಜ್ಜಿ ಬಡಿಸಿದರು. ತಾವು ಒಂದನ್ನೂ ಮುಟ್ಟಲಿಲ್ಲ. ಅದು ನನಗೆ ಹೊಳೆದದ್ದು ದನಿ ಹೋದ ಮೇಲೆ. ನಾನು ಯಾವತ್ತೂ ಹಾಡಾಕ ಬಿಡದ ತಬಲದ ಮೌಲಾ ಸಾಬ್ ಒಬ್ಬನೇ, ರೋಜಾ ಉಪವಾಸ ಅಂತ, ಏನೂ ತಿಂದಿರಲಿಲ್ಲ. ಅವನು ಹಾಡಿದ, ನಾವು ಬರೀ ಬಾಯಿ ಆಡಿಸಿದೆವು. "ಎಂಟು ಮಂದಿಗೂ ಒಂದೇ ದನಿ! ಹೊಂದಾಣಿಕೆ ಅಂದ್ರೆ ಇದು!" ಅಂದರು ತೀರ್ಪುಗಾರರು.

ಗುರುವಾರ ಹರಿಹರದಾಗ ಹಾಡಿ ಊರಿಗೆ ಬರ್ತೀವಿ. ಹೊಟ್ಟೆಉರಿ ಐತೆ, ಮಜ್ಜಿಗೆ ಇಟ್ಟಿರು.

ಹಾರ್ಮೋನಿಯಂ ಮಂಡಳಿಗೆ, ಹಾರ ನನಗೆ, ಹೊತ್ತು ಮುಳುಗಿದ ಮೇಲೆ ಉಳಿದ ಮಿರ್ಚಿ ಮೌಲಾಗೆ.

ನಿನ್ನ ತಮ್ಮ,
ತೋಟಪ್ಪ