ಪಥ್ಯ ಮುರಿದ ದಿನ

ಅಭಾ, ಸೌದಿ ಅರೇಬಿಯಾ
ನವೆಂಬರ್ ೧೪, ೨೦೨೪

ಪ್ರೀತಿಯ ಗಗನಾ,

“ಮದ್ದಿಗಿಂತ ಮೊದಲು ಮಾತು ತಾಗುತ್ತದೆ.” ಹಾಸ್ಟೆಲಿನಲ್ಲಿ ನೀನು ಬರೆದ ಪದ್ಯದ ಸಾಲು ಹೀಗೇ ಇತ್ತಾ? ತಾಗುವುದೆಂದರೆ ನಾಟುವುದೋ, ಪೆಟ್ಟಾಗುವುದೋ? ನಿನ್ನ ಎರಡು ಪತ್ರಗಳಿಗೂ ಉತ್ತರಿಸದೆ ಕೂತವಳು ಈಗ ಇದನ್ನು ಕೇಳುತ್ತಿದ್ದೇನೆ, ಕ್ಷಮಿಸು. ಮಕ್ಕಳು ಚೆನ್ನಾಗಿದ್ದಾರಲ್ಲ?

ಇಲ್ಲಿ ಬೆಟ್ಟದ ಮೇಲೆ ಚಳಿ ಶುರುವಾಗಿದೆ, ಬೆಳಿಗ್ಗೆ ಕಿಟಕಿಯಾಚೆ ಬರೀ ಮಂಜು. ನಮ್ಮವರಿಗೆ ಸಕ್ಕರೆ ಕಾಯಿಲೆ ಜೋರಾಗಿ ಬೇಸಿಗೆಯಿಂದಲೇ ಇನ್ಸುಲಿನ್ ಬರೆದುಕೊಟ್ಟಿದ್ದರು. ಆದರೂ ಪ್ರತಿ ಪರೀಕ್ಷೆಯಲ್ಲೂ ಸಕ್ಕರೆ ಏರಿಯೇ ಇರುತ್ತಿತ್ತು. ಡಾಕ್ಟರ್ ಬಸ್ಮಾ ನನ್ನ ಮುಖ ನೋಡುತ್ತಿದ್ದರು, ನಾನು ನಿಸಾರ್ ಮುಖ. ಕಡೆಗೊಂದು ದಿನ ಫ್ರಿಜ್ಜಿನಲ್ಲಿ ಇನ್ಸುಲಿನ್ ಪೆನ್ನುಗಳು ಹಾಗೇ ಉಳಿದಿರುವುದನ್ನು ಕಂಡೆ.

“ಎಂತ ಇದು? ಹಾಕಿಕೊಳ್ಳುದಿಲ್ವಾ?”

“ಪಥ್ಯ ಸರಿ ಇದ್ದ ದಿನ ಹಾಕ್ತೇನಲ್ಲ ಮಾರಾಯ್ತಿ.”

“ಇಲ್ಲದ ದಿನ?”

“ಅತ್ತರ್ ಮಾರಲಿಕ್ಕೆ ಹೋದ ಕಡೆಯೆಲ್ಲ ಖರ್ಜೂರ ಮುಂದಿಡ್ತಾರೆ. ಬೇಡ ಅಂದ್ರೆ ಅವರಿಗೆ ಬೇಜಾರು. ತಿಂದು ಬಂದು ಮದ್ದು ಹಾಕಿದ್ರೆ ವಿಷ ಆಗುದಿಲ್ವಾ? ಪಥ್ಯ ಮುರಿದ ಮೇಲೆ ಮದ್ದು ಮುಟ್ಟಬಾರದು ಅಂತ ನಮ್ಮ ಉಮ್ಮ ಹೇಳ್ತಿರ್ಲಿಲ್ವಾ?”

ಅದು ಉಡಾಫೆಯಲ್ಲ ಗಗನಾ, ನಿಷ್ಠೆ! ಮೊದಲ ದಿನ ಡಾಕ್ಟರ್ ಇಂಗ್ಲಿಷಿನಲ್ಲಿ ‘ಡಯಟ್’ ಅಂದಿದ್ದರು. ಎಂತ ಹೇಳಿದ್ದು ಎಂದು ನಿಸಾರ್ ಕೇಳಿದಾಗ “ಮದ್ದಿನ ಜೊತೆ ಪಥ್ಯ” ಅಂದವಳು ನಾನು. ಕನ್ನಡ ಎಂಎ ಮಾಡಿದವಳಿಗೆ ಇವತ್ತಿಗೂ ಬೇರೆ ಪದ ಹೊಳೆಯುತ್ತಿಲ್ಲ. ನಿನಗೆ ಹೊಳೆಯುತ್ತದಾ?

ಬಸ್ಮಾ ಅವರಿಗೆ ಎಲ್ಲ ವಿವರಿಸಿದೆ. “ಅಯ್ಯೋ, ಖರ್ಜೂರ ತಿಂದ ದಿನವೇ ಅಲ್ಲವೇ ಅದು ಬೇಕಾದದ್ದು!” ಎಂದು ತಲೆ ಹಿಡಿದುಕೊಂಡರು. ನಿಸಾರ್ ತಲೆಯಾಡಿಸಿದರು. ಒಪ್ಪಿ ಆಡಿಸಿದರೋ, ಡಾಕ್ಟರ ಮರ್ಯಾದೆಗೋ, ನನಗೆ ತಿಳಿಯಲಿಲ್ಲ. ಅತ್ತೆಯ ಆ ಮಾತನ್ನು ಸುಳ್ಳೆನ್ನಲು ನನಗೂ ನಾಲಗೆ ಏಳಲಿಲ್ಲ.

ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ. ಮಕ್ಕಳಿಗೆ ನನ್ನ ಮುತ್ತು.

ನಿನ್ನ
ಶಹಾನಾ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಇಷ್ಟೆಲ್ಲ ತಿಳಿಯುವಷ್ಟರಲ್ಲಿ ತಡವಾಗಿತ್ತು. ಹುಣ್ಣು ಮಾಯದೆ ಹೋದ ವಾರ ಆಸ್ಪತ್ರೆಯಲ್ಲಿ ನಿಸಾರ್ ಅವರ ಎಡಗಾಲಿನ ಎರಡು ಬೆರಳು ತೆಗೆದರು. ಈಗ ಮನೆಯಲ್ಲಿದ್ದಾರೆ, ಇನ್ಸುಲಿನ್ ನಾನೇ ಹಾಕುತ್ತೇನೆ. ಇವತ್ತು ಎದುರುಮನೆಯ ಫಾತಿಮತ್ ನೋಡಲು ಬಂದಿದ್ದರು. ಅವರ ಗಂಡನಿಗೂ ಈಚೆಗೆ ಇನ್ಸುಲಿನ್ ಶುರುವಾಗಿದೆ. ನಾನು ಚುಚ್ಚುವುದನ್ನು ನೋಡುತ್ತ ಕೂತಿದ್ದವರು, ಹೊರಡುವಾಗ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದರು: “ಕಾಲು ತಿಂದ ಸೂಜಿಯನ್ನು ಇನ್ನೂ ಬಿಟ್ಟಿಲ್ವಲ್ಲ ನೀವು! ನಮ್ಮವರದ್ದು ನಾನು ನಿನ್ನೆಯೇ ಬಿಸಾಡಿದೆ. ಕಲಿತವರು ನೀವು ಶಹಾನಾ, ನಮಗೆ ಮೊದಲೇ ಹೇಳಬಾರದಿತ್ತಾ?”