ಎರೆಮಣ್ಣಿನ ಮೇಲೆ ನಿಂತ ನಿನ್ನ ಲಾರಿ

ಬೀಗಾ,

ನಿನ್ನ ಕ್ರೇನ್ ಲಾರಿ ಶಹಾಪುರದ ಕಾಲುವೆಗೆ ಬಿತ್ತು. ಸೊಂಡಿಲೊಂದೇ ನೀರಿನ ಮೇಲೆ ಕಾಣುತ್ತಿದೆ. ಅದರ ತುದಿಯಲ್ಲಿ ಕೊಕ್ಕರೆಯೊಂದು ಕೂತು ಮೀನು ನೋಡುತ್ತಿದೆ.

ಗಾಬರಿಯಾದೆಯಾ? ಆಗಲಿ ಅಂತಲೇ ಬರೆದೆ. ಸುಳ್ಳು ಭೀಮರಾಯ, ಹಸಿ ಹಸಿ ಸುಳ್ಳು. ಲಾರಿ ನಿಮ್ಮ ಅಂಗಳದ ಬೇವಿನ ಗಿಡದ ಕೆಳಗೆ ತಣ್ಣಗೆ ನಿಂತಿದೆ. ಸೊಂಡಿಲ ಮೇಲೆ ಕೂತಿರುವುದು ಕೊಕ್ಕರೆಯಲ್ಲ, ನಿಮ್ಮ ಮನೆಯ ಕೋಳಿ. ನೀನು ಹೋಗಿ ವರ್ಷವಾಗುತ್ತ ಬಂತು. ಹೆದರಿಸುವುದಕ್ಕೆ ಯಾರೂ ಸಿಗದೆ ನನ್ನ ನಾಲಿಗೆಗೆ ತುಕ್ಕು ಹಿಡಿದಿತ್ತು, ಅದಕ್ಕೇ ಸ್ವಲ್ಪ ಎಣ್ಣೆ ಬಿಟ್ಟುಕೊಂಡೆ. ಇನ್ನು ಬರೆಯುವುದೆಲ್ಲ ಖರೆ.

ಮಕ್ಕಳ ಮದುವೆಯ ಮರುದಿನ ನೆನಪಿದೆಯಾ? ನನ್ನ ಮಗಳು ನಿನ್ನ ಮಗ ಮೌನೇಶನ ಕೈ ಹಿಡಿದಳು, ಗೆಳೆಯರಾಗಿದ್ದ ನಾವು ಬೀಗರಾದೆವು. ಅಕ್ಷತೆ ಬಿದ್ದದ್ದು ಅವರ ತಲೆಗೆ, 'ರೀ' ಅಂಟಿದ್ದು ನಮ್ಮ ಮಾತಿನ ಬಾಲಕ್ಕೆ. ಯಾದಗಿರಿ ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿಯಿಂದ ಲೇತ್ ಮಷೀನು ಇಳಿಸುತ್ತಿದ್ದೆವು. "ಬೀಗರ, ಆ ಹಗ್ಗ ಸ್ವಲ್ಪ ಜಗ್ಗತೀರೇನ್ರಿ?" ಎಂದೆ ನೀನು. "ಜಗ್ಗತೀನ್ರಿ ಬೀಗರ. ತಾವು ಸ್ವಲ್ಪ ತಲಿ ಬಗ್ಗಸ್ರಿ, ಕೊಕ್ಕಿ ತಮ್ಮ ಪಟಗಾ ಎತ್ತಾಕತ್ತದ" ಎಂದೆ ನಾನು. ನೀನು ಹೌಹಾರಿ ತಲೆಯ ರುಮಾಲು ಮುಟ್ಟಿ ನೋಡಿಕೊಂಡೆ. ಹಮಾಲರು ಕೆಲಸ ಬಿಟ್ಟು ನಕ್ಕರು. ಇವತ್ತು ಆ 'ರೀ' ಬಿಟ್ಟೇ ಬರೆಯುತ್ತೇನೆ. ಅಲ್ಲಿ ಮೇಲೆ ಬೀಗತನ ನಡೆಯುತ್ತದೋ ಇಲ್ಲವೋ, ಯಾರಿಗೆ ಗೊತ್ತು?

ಕೊನೆಯ ದಿನಗಳಲ್ಲಿ ಮಂಚದ ಮೇಲೆ ಮಲಗಿ ನೀನು ಕೇಳುತ್ತಿದ್ದದ್ದು ಒಂದೇ. "ಆ ಮಷೀನು ಬಂತೇನೋ ಸಾಬಣ್ಣ?" ಶಹಾಪುರದಲ್ಲಿ ಕಾಲುವೆಯ ಗೇಟು ತಯಾರಿಸುವ ವರ್ಕ್‌ಶಾಪಿಗೆ ಬರಬೇಕಿದ್ದ ದೊಡ್ಡ ಮಷೀನು, ಕಬ್ಬಿಣದ ದಪ್ಪ ತಗಡನ್ನು ರೊಟ್ಟಿಯ ಹಾಗೆ ಬಗ್ಗಿಸುವಂಥದ್ದು. ಅಲ್ಲಿಯ ಸಣ್ಣಪುಟ್ಟ ಮಷೀನುಗಳೆಲ್ಲ ನಿನ್ನ ಕೈಯಲ್ಲೇ ಇಳಿದಿದ್ದವು. ಇದೊಂದು ಇಳಿಸಿಬಿಟ್ಟರೆ... ಅನ್ನುತ್ತಿದ್ದೆ. ಆ ಮಾತನ್ನು ಒಮ್ಮೆಯೂ ಪೂರ್ತಿ ಮಾಡಲಿಲ್ಲ ನೀನು.

ಈ ಬೇಸಿಗೆಯಲ್ಲಿ ಮಷೀನು ಯಾದಗಿರಿ ಸ್ಟೇಷನ್ನಿಗೆ ಬಂದ ಸುದ್ದಿ ತಿಳಿದ ದಿನ ನಿಮ್ಮ ಮನೆಯಲ್ಲಿ ಪಂಚಾಯಿತಿ ನಡೆಯಿತು. ನೀನು ಹೋದಾಗಿನಿಂದ ಲಾರಿ ಅಂಗಳ ಬಿಟ್ಟು ಕದಲಿರಲಿಲ್ಲ. ಹೈದರಾಬಾದಿನ ಸೇಟ್ ಒಬ್ಬ ಅದನ್ನು ಗುಜರಿಗೆ ಕೇಳುತ್ತಿದ್ದ. ಬೀಗತಿ ನಿಂಗಮ್ಮನವರು ಮಗನನ್ನು ಎದುರಿಗೆ ಕೂರಿಸಿಕೊಂಡರು. "ಇದೊಂದು ಮಷೀನು ಇಳಿಸಿ ತೋರ್ಸು. ಇಳಿಸಿದಿ ಅಂದ್ರ ಗಾಡಿ ನಮ್ಮದು. ಆಗ್ಲಿಲ್ಲಂದ್ರ ಸೇಟ್‌ಗೆ ಕೊಟ್ಟು ಕೈ ತೊಳಕೊಳ್ಳೋಣ. ನಿಮ್ಮಪ್ಪ ಜೀವಾ ಇಟ್ಟಿದ್ದ ಗಾಡಿ ಹಿಂಗ ಕೊಳಿಯೂದು ನನ್ನ ಕಣ್ಲೆ ನೋಡಾಕ ಆಗಂಗಿಲ್ಲ." ಮೌನೇಶ ಹೂಂ ಎಂದು ತಲೆಯಾಡಿಸಿದ. ತಿಂಥಣಿ ಮೌನೇಶ್ವರನ ಹೆಸರಿಟ್ಟೆ ನೋಡು, ಹುಡುಗ ಹೆಸರನ್ನು ಅಕ್ಷರಶಃ ಪಾಲಿಸುತ್ತಾನೆ. ಬೀಗತಿ ನನ್ನ ಕಡೆ ತಿರುಗಿದರು. "ಬೀಗರ, ನೀವೂ ಜೋಡಿ ಹೋಗ್ರಿ. ಬಾಯಿ ಮಾತ್ರ ಇಲ್ಲೇ ಬಿಟ್ಟು ಹೋಗ್ರಿ."

ಭೀಮೆಯ ಸೇತುವೆ ದಾಟುವಾಗ ನಿನ್ನನ್ನು ನೆನೆದೆ. ಮುಂದೆ ಟ್ರೇಲರ್ ಮೇಲೆ ಮಷೀನು ಮದುಮಗನ ಹಾಗೆ ಬಿಗಿದುಕೊಂಡು ಕೂತಿತ್ತು, ಹಿಂದೆ ನಿನ್ನ ಲಾರಿ ಕೆಮ್ಮುತ್ತ ಬರುತ್ತಿತ್ತು. ಸ್ಟೇಷನ್ನಿನ ಗಟ್ಟಿ ನೆಲದಲ್ಲಿ ಹೇರುವುದೇನೂ ಕಷ್ಟವಾಗಲಿಲ್ಲ. ಶಹಾಪುರದ್ದೇ ಬೇರೆ ಕಥೆ. ಕಾಲುವೆಯ ಪಕ್ಕದ ವರ್ಕ್‌ಶಾಪಿನ ಅಂಗಳ ಮೊದಲು ಜೋಳದ ಹೊಲ, ಅಪ್ಪಟ ಎರೆ. ಬೇಸಿಗೆಯ ಎರೆ ಹೇಗಿರುತ್ತದೆಂದು ನಮಗೆ ಯಾರಾದರೂ ಹೇಳಿಕೊಡಬೇಕೇ? ಕಾಲು ತೂರುವಷ್ಟು ಬಿರುಕು, ಮೇಲೆ ಕಲ್ಲಿನಂಥ ಹೆಂಟೆ. ಮೌನೇಶ ಧೈರ್ಯವಾಗಿ, ಲಾರಿ ವಾಲದ ಹಾಗೆ ಹಿಡಿಯುವ ಜಾಕಿ ಕಾಲುಗಳನ್ನು ನೆಲಕ್ಕೆ ಇಳಿಸಿದ. ಕೊಕ್ಕೆ ಬಿತ್ತು, ತಂತಿ ಹಗ್ಗ ಬಿಗಿಯಿತು, ಮಷೀನು ಟ್ರೇಲರ್ ಬಿಟ್ಟು ಗೇಣು ಮೇಲೆದ್ದಿತು. ಅಷ್ಟರಲ್ಲಿ ಕಾಲುವೆ ಕಡೆಯ ಹಿಂಗಾಲು ಸದ್ದಿಲ್ಲದೆ ನೆಲದೊಳಗೆ ಇಳಿಯತೊಡಗಿತು. ಲಾರಿ ವಾಲಿತು. ನನ್ನ ಎದೆಯೂ...

ನಿನ್ನ ಮಗ ಹೆದರಲಿಲ್ಲ ಭೀಮರಾಯ. ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಮಷೀನನ್ನು ಮತ್ತೆ ಟ್ರೇಲರ್ ಮೇಲೆ ಮಲಗಿಸಿದ. ಆದರೆ ವರ್ಕ್‌ಶಾಪಿನ ಮೇಸ್ತ್ರಿ ಕೈ ಝಾಡಿಸಿಬಿಟ್ಟ. "ಸಾಕ್ ಬಿಡ್ರಿ. ಹೈದ್ರಾಬಾದಿಂದ ದೊಡ್ಡ ಕ್ರೇನು ತರಸ್ತೀವಿ." ಮೌನೇಶ ಹಾರೆಗೋಲು ತಂದು ನೆಲಕ್ಕೆ ಹೆಟ್ಟಿದ, ಜಗ್ಗಿ ತೆಗೆದ. "ಮಾಮಾ, ಬರ್ರಿಲ್ಲಿ." ಹಾರೆಯ ಮೈಗೆ ಮೇಲೆ ಧೂಳು, ತುದಿಗೆ ಹಸಿ ಕೆಸರಿನ ಮುದ್ದೆ! "ಮ್ಯಾಲ ಬ್ಯಾಸಗಿ, ಕೆಳಗ ಮಳಿಗಾಲ" ಎಂದೆ. ಕಾಲುವೆಗೆ ನೀರು ಬಿಟ್ಟಾಗಿನಿಂದ ಅದು ಒಳಗೊಳಗೇ ಬಸಿದು ಇಡೀ ಹೊಲವನ್ನು ಮೆತ್ತಗೆ ಮಾಡಿತ್ತು. ನಾವು ಕಾಲಿಟ್ಟಿದ್ದು ಕಾಲುವೆ ಬರುವ ಮೊದಲಿನ ಭೂಮಿಯನ್ನು ನಂಬಿ. ಬೇರೆ ಸೀಮೆಯವನಾಗಿದ್ದರೆ ಮೊದಲೇ ಅನುಮಾನಪಡುತ್ತಿದ್ದ. ನಾವು ಈ ಮಣ್ಣಿನಲ್ಲೇ ಉರುಳಾಡಿ ಬೆಳೆದವರು, ನಮಗೆಲ್ಲಿಯ ಅನುಮಾನ? ನೀನಿದ್ದರೂ ಅಲ್ಲೇ ಕಾಲಿಡುತ್ತಿದ್ದೆ. ಹೌದೋ ಅಲ್ಲೋ?

"ನಾಳಿ ಮಧ್ಯಾಹ್ನದ ತನಕ ಟೈಮ್ ಕೊಡ್ರಿ" ಎಂದು ಮೇಸ್ತ್ರಿಯನ್ನು ಕೇಳಿದೆ.

"ನಾಳಿನೂ ಆಗ್ಲಿಲ್ಲಂದ್ರ?"

"ನನ್ನ ಕೊಕ್ಕಿಗಿ ಹಾಕಿ ಕೆನಾಲದಾಗ ಇಳಸ್ರಿ. ಈಜು ಬರಂಗಿಲ್ಲ ನನಗ."

"ಹಂಗಾದ್ರ ನಾಳಿ ಆಗದಿದ್ರೂ ನಮಗ ಫಾಯ್ದಾನ ಅದ" ಎಂದು ಮೇಸ್ತ್ರಿ ನಕ್ಕ. ನಕ್ಕ ಮೇಲೆ ಇಲ್ಲ ಅನ್ನಲು ಆಗುತ್ತದೆಯೇ?

ಆ ಸಂಜೆ ನಾವು ಬೆವರು ಸುರಿಸಿದ್ದನ್ನು ನೀನು ನೋಡಬೇಕಿತ್ತು. ಪ್ರತಿ ಜಾಕಿ ಕಾಲಿನ ಜಾಗದಲ್ಲೂ ಹಸಿ ಮಣ್ಣು ತೋಡಿ ತೆಗೆದೆವು. ಗುಡ್ಡದ ಬುಡದಿಂದ ಟ್ರ್ಯಾಕ್ಟರಿನಲ್ಲಿ ಗರಸುಕಲ್ಲು ತಂದು ತುಂಬಿ, ದಮ್ಮಸು ಹೊಡೆದು ಬಿಗಿ ಮಾಡಿದೆವು. ಅದರ ಮೇಲೆ ರೈಲು ಹಳಿಯ ಹಳೆಯ ಮರದ ದಿಮ್ಮಿಗಳನ್ನು ಅಡ್ಡಡ್ಡ, ಉದ್ದುದ್ದ ಜೋಡಿಸಿದೆವು. ನಾನು ಅದಕ್ಕೆ ಲಾರಿಯ ಚಪ್ಪಲಿ ಎಂದು ಹೆಸರಿಟ್ಟೆ. ಈಗ ಶಹಾಪುರದಲ್ಲೆಲ್ಲ ಅದೇ ಹೆಸರು ನಡೆಯುತ್ತಿದೆ.

ಮರುದಿನ ಬೆಳಿಗ್ಗೆ ರೊಟ್ಟಿಯ ಗಂಟು ಹಿಡಿದುಕೊಂಡು ಬೀಗತಿಯೂ ಬಸ್ಸಿಳಿದರು. ಕೈಸನ್ನೆ ಮಾಡುವ ಕೆಲಸ ನನ್ನದು. ಬಾಯಿಗೆ ತಂಬಾಕು ತುಂಬಿ ಬೀಗ ಹಾಕಿಕೊಂಡೆ. ಕೈ ಎತ್ತಿದೆ. ಮಷೀನು ಎದ್ದಿತು. ಎಲ್ಲರ ಕಣ್ಣೂ ಆ ಹಿಂಗಾಲಿನ ಮೇಲೆ. ದಿಮ್ಮಿ ಕರಕರ ಅಂದಿತು, ಇಳಿಯಲಿಲ್ಲ. ನಿನ್ನ ಸೊಂಡಿಲು ಆನೆಯ ಗತ್ತಿನಲ್ಲಿ ತಿರುಗಿತು. ಇನ್ನೂ ತಗಡು ಹೊದಿಸದ ಶೆಡ್ಡಿನ ಗೋಡೆ ದಾಟಿ ಮಷೀನು ಮೆಲ್ಲಗೆ ಇಳಿಯಿತು. ಪಾಯದ ಬೋಲ್ಟುಗಳು ಒಂದೊಂದಾಗಿ ಅದರ ತೂತುಗಳಿಂದ ಮೂಗು ಹೊರಗೆ ಹಾಕಿದವು. ಹೋ ಎಂದು ಎದ್ದ ಕೂಗು ನಿನಗೆ ಕೇಳಿಸಿರಬೇಕು! ಮೌನೇಶ ಇಳಿದು ಬಂದು "ಕುಂತದ ನೋಡ್ರಿ ಮಾಮಾ" ಎಂದ. ಅಲ್ಲಿಗೆ ನಿನ್ನ ಮಗನ ಭಾಷಣ ಮುಗಿಯಿತು. ಬೀಗತಿ ಲಾರಿಯನ್ನು ಒಂದು ಸುತ್ತು ಹಾಕಿ, ಆ ಹಿಂಗಾಲನ್ನು ಕೈಯಿಂದ ತಟ್ಟಿದರು. "ಸೇಟ್‌ಗೆ ಹೇಳಿ ಕಳಿಸ್ರಿ. ಗಾಡಿ ಮಾರಂಗಿಲ್ಲ." ಸುರಪುರದಿಂದಲೂ ಕೆಲಸಕ್ಕೆ ಕರೆ ಬಂದಿದೆ, ಗೊತ್ತಾ?

ಆಮೇಲೆ ಕಾಯಿ ಹೊಡೆಯುವ ಹೊತ್ತು. ಕೂತ ಮಷೀನಿನ ಮುಂದೆ ಲಾರಿಯ ಮಾಲಕರೇ ಕಾಯಿ ಹೊಡೆಯಬೇಕು, ಅದು ನೀನೇ ಹಾಕಿದ ಪದ್ಧತಿ. ಹಿರಿಯನೆಂದು ಎಲ್ಲರೂ ನನ್ನನ್ನು ನೋಡಿದರು. ನಾನು ಕಾಯಿಯನ್ನು ನಿಂಗಮ್ಮನವರ ಮುಂದೆ ಹಿಡಿದೆ.

ಅವರು ಹಿಂದೆ ಸರಿದರು. "ಬೀಗರ, ಇದೇನ್ ಚ್ಯಾಷ್ಟಿರಿ? ಅವರು ಹೋದ ಮ್ಯಾಲ ನಾ ಕಾಯಿ ಹೊಡೀಬಾರದು."

"ಗಾಡಿ ಯಾರದ್ರಿ?"

"ನಮ್ಮದು."

"ಮತ್ತ ಹೊಡೀರಿ."

"ಒಳಗ ಏನರೆ ತುಂಬಿಟ್ಟಾನ, ಹುಷಾರಕ್ಕಾ!" ಎಂದು ಮೇಸ್ತ್ರಿ ಕೂಗಿದ. ಎಲ್ಲರೂ ನಗುತ್ತಿದ್ದರು. ಬೀಗತಿಗೆ ರೋಷ ಬಂತು, ನನ್ನ ಆಟವನ್ನು ಬಯಲು ಮಾಡಿಯೇ ಬಿಡುತ್ತೇನೆಂದು ಎತ್ತಿ ಹೊಡೆದರು. ಸರಿಯಾಗಿ ಎರಡು ಹೋಳು! ಕಾಯಿಯ ನೀರು ಮಷೀನಿಗೂ ಮೇಸ್ತ್ರಿಯ ಅಂಗಿಗೂ ಸಿಡಿಯಿತು. ಸಾಬಣ್ಣನ ಚೇಷ್ಟೆ ಎಂದು ಜನ ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಬೀಗತಿಯೂ ನಗುತ್ತಾರೆ. ನಗಲಿ ಬಿಡು.

ನಿನಗೊಬ್ಬನಿಗೇ ಒಪ್ಪಿಕೊಳ್ಳುತ್ತೇನೆ. ಅದು ಚೇಷ್ಟೆಯಾಗಿರಲಿಲ್ಲ. ಬೆಳಿಗ್ಗೆ ಅಂಗಡಿಯಲ್ಲಿ ಅಲ್ಲಾಡಿಸಿ, ಕಿವಿಗಿಟ್ಟು ಕೇಳಿ, ಆ ಕಾಯಿಯನ್ನು ಆರಿಸಿದ್ದು ಅವರ ಕೈಗೆಂದೇ.

ನಿನ್ನ ಬೀಗ,
ಸಾಬಣ್ಣ