ಹಂಚು ತಾಗಿದ್ದಲ್ಲ

ಅವ್ವಾ,

ಇಂದು ಹೌನ್ಸ್ಲೋದ ಗಂಗಾಬಾಯಿಯವರ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಸಂಧಿವಾತದ ಕ್ಲಿನಿಕ್ಕಿಗೆ ಹೋಗಿದ್ದೆ. ಅವರ ಉಗುರಿನ ಅಂಚಿನಲ್ಲೂ ನಿನಗಿದ್ದಂಥ ಕಪ್ಪು ಚುಕ್ಕೆಗಳು. ಇವೇನೆಂದು ಡಾಕ್ಟರು ಕೇಳಿದಾಗ, ಈ ಸಲ ನಾನೇ ಉತ್ತರಿಸದೆ ಅವರನ್ನು ಕೇಳಿದೆ: "ರೊಟ್ಟಿ ಮಾಡೂವಾಗ ಸುಟ್ಟಾವೇನ್ರೀ?"

"ರೊಟ್ಟಿ ಎಲ್ಲೀದವಾ! ಬೆರಳು ಮಡಚಾಕ ಬರದ ವರ್ಷಾತು. ಇವು ತಾವಾಗೇ ಬಂದಾವ."

ರಕ್ತನಾಳಗಳಲ್ಲಿ ಉರಿಯೂತ ಶುರುವಾಗಿದೆ, ಬೇಗ ಗೊತ್ತಾದದ್ದು ಒಳ್ಳೆಯದಾಯಿತು, ಔಷಧಿಯಿಂದ ತಡೆಯಬಹುದು ಎಂದರು ಡಾಕ್ಟರು.

ನಿನ್ನ ಕೊನೆಯ ವರ್ಷ ನಿನ್ನ ಡಾಕ್ಟರು ಕೇಳಿದ ಇದೇ ಪ್ರಶ್ನೆಗೆ, ನೀನು ಬಾಯಿ ತೆರೆಯುವ ಮೊದಲೇ, ರೊಟ್ಟಿಯ ಹಂಚು ತಾಗಿದ್ದೆಂದು ನಾನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ್ದೆ.

ಬಸ್ಸಿನಲ್ಲಿ, ನೀನಿದ್ದಾಗ ನಿನ್ನ ಜೊತೆಗೂ ಡಾಕ್ಟರ ಬಳಿ ನಾನೇ ಹೋಗುತ್ತಿದ್ದೆನೆಂದು ಕೇಳಿ, ಗಂಗಾಬಾಯಿ ನನ್ನ ಕೆನ್ನೆ ಸವರಿದರು. "ನಿಮ್ಮವ್ವ ಪುಣ್ಯಾ ಮಾಡಿದ್ಲು ನೋಡು, ಇಂಥಾ ಮಗಳು ಜೋಡಿಗಿದ್ಲು."

ಹೂಂ ಅಂದೆ, ಅವ್ವಾ.